ಹಕ್ಕಿಯ ಕಣ್ಣು: ರಕ್ಷಣೆ ಮತ್ತು ಅದರ ಮಿತಿ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಸುತ್ತಮುತ್ತ ಕೆಸರುಗದ್ದೆಯನ್ನು ಉಳುವಾಗ, ಉಳುವವರ ಬೆನ್ನ ಹಿಂದೆಯೇ ಬೆಳ್ಳಕ್ಕಿಗಳು ಹೆಜ್ಜೆಯಿಡುತ್ತವೆ. ಸಿಡಿಯುವ ಕೆಸರಿಗೆ ಹೆದರಿ ಕಣ್ಣು ಮುಚ್ಚಿದರೆ ಹುಳುವೂ ಕಪ್ಪೆಯೂ ಕೈತಪ್ಪುತ್ತವೆ. ತೆರೆದೇ ಇಟ್ಟರೆ ಕಣ್ಣಿಗೆ ಅಪಾಯ. ಈ ಇಕ್ಕಟ್ಟಿಗೆ ನಿಸರ್ಗವು ಒದಗಿಸಿರುವ ಪರಿಹಾರವೇ ಮೂರನೆಯ ರೆಪ್ಪೆ, ಅಂದರೆ ನಿಮೇಷಕ ಪಟಲ.

ಕೊಕ್ಕಿನ ಕಡೆಯ ಮೂಲೆಯಿಂದ ಹೊರಟು ಕಣ್ಣಿನ ಮೇಲೆ ಅಡ್ಡಲಾಗಿ ಜಾರುವ ಈ ತೆಳುಪೊರೆಯು ಧೂಳನ್ನು ಒರೆಸಿ, ಕಣ್ಣನ್ನು ತೇವಗೊಳಿಸಿ, ಕ್ಷಣಾರ್ಧದಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ. ಅದಕ್ಕೆ ಬೇಕಾದ ದ್ರವವನ್ನು ಹಾರ್ಡರ್ ಗ್ರಂಥಿಯು ಒದಗಿಸುತ್ತದೆ. ಮನುಷ್ಯನ ಕಣ್ಣಿನ ಒಳಮೂಲೆಯಲ್ಲಿ ಕಾಣುವ ಸಣ್ಣ ಮಡಿಕೆಯು ಇಂಥದೇ ಪೊರೆಯ ಅವಶೇಷ. ಇದಲ್ಲದೆ ಹಕ್ಕಿಯ ಕಣ್ಣುಗುಡ್ಡೆಯ ಗೋಡೆಯಲ್ಲಿ ಮೂಳೆಯ ಪುಟ್ಟ ಫಲಕಗಳು ಬಳೆಯಂತೆ ಜೋಡಣೆಗೊಂಡು ಅದರ ಆಕಾರವನ್ನು ಕಾಯುತ್ತವೆ.

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿನಲ್ಲಿ ಮುಳುಗುಹಾಕುವ ನೀರುಕಾಗೆಯ ಸಮಸ್ಯೆ ಬೇರೆಯದು. ಗಾಳಿಯಲ್ಲಿ ಬೆಳಕನ್ನು ಬಾಗಿಸುವ ಕೆಲಸದ ಹೆಚ್ಚಿನ ಪಾಲನ್ನು ಕಣ್ಣಿನ ಹೊರಪದರವಾದ ಕಾರ್ನಿಯಾ ಮಾಡುತ್ತದೆ. ನೀರಿನಲ್ಲಿ ಆ ಶಕ್ತಿ ಬಹುತೇಕ ಇಲ್ಲವಾಗುತ್ತದೆ. ಈಜುವವನಿಗೆ ನೀರಿನೊಳಗೆ ಎಲ್ಲವೂ ಮಸುಕಾಗಿ ಕಾಣುವುದು ಇದರಿಂದಲೇ. ನೀರುಕಾಗೆಯಾದರೋ ಪಾಪೆಯ ಸುತ್ತಲಿನ ಬಲವಾದ ಸ್ನಾಯುಗಳಿಂದ ತನ್ನ ಮೃದುವಾದ ಮಸೂರವನ್ನು ಹಿಂಡಿ, ಅದರ ಮುಂಭಾಗವನ್ನು ಉಬ್ಬಿಸಿ, ಕಳೆದುಹೋದ ಶಕ್ತಿಯನ್ನು ತುಂಬಿಕೊಳ್ಳುತ್ತದೆ. ಮನುಷ್ಯನ ಮಸೂರಕ್ಕೆ ಎಳೆಯ ಪ್ರಾಯದಲ್ಲಿಯೂ ಇಷ್ಟು ಬಾಗುವ ಸಾಮರ್ಥ್ಯವಿಲ್ಲ.

ಇಷ್ಟೆಲ್ಲ ಸಿದ್ಧತೆಯಿರುವ ಕಣ್ಣು ವಿದ್ಯುತ್ ತಂತಿಯ ಮುಂದೆ ಸೋಲುತ್ತದೆ. ಗ್ರಹಾಂ ಮಾರ್ಟಿನ್ ಮತ್ತು ಶಾ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಎರ್ಲಡ್ಡು, ಕ್ರೌಂಚ ಮತ್ತು ಬಿಳಿ ಕೊಕ್ಕರೆಗಳ ದೃಷ್ಟಿಕ್ಷೇತ್ರವನ್ನು ಅಳೆಯಿತು. ಹಾರುವಾಗ ಕೆಳಗಿನ ನೆಲವನ್ನು ನೋಡಲು ತಲೆ ತಗ್ಗಿಸಿದರೆ ಹಾರುವ ದಿಕ್ಕೇ ಈ ಹಕ್ಕಿಗಳಿಗೆ ಕುರುಡಾಗುತ್ತದೆ ಎಂಬುದು ಅದರ ನಿರ್ಣಯ. ರಂಗನತಿಟ್ಟಿನ ಬಣ್ಣದ ಕೊಕ್ಕರೆ ಬಿಳಿ ಕೊಕ್ಕರೆಯ ಕುಟುಂಬಕ್ಕೇ ಸೇರಿದ್ದು. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳಲ್ಲಿ ಗೂಡಿಗೆ ರಕ್ಷಣೆಯುಂಟು. ಮೇವಿಗೆ ಮಾತ್ರ ಹಕ್ಕಿಗಳು ಧಾಮದ ಎಲ್ಲೆ ದಾಟಿ ಕೆರೆ, ಗದ್ದೆಗಳಿಗೆ ಹೋಗಲೇಬೇಕು. ತಂತಿಗಳಿಗೆ ಗುರುತುಬಿಲ್ಲೆ ತೂಗಿಬಿಟ್ಟ ಹಲವು ಕಡೆ ಡಿಕ್ಕಿಗಳು ಕಡಿಮೆಯಾಗಿವೆ. ಆದರೆ ಮುಂದಕ್ಕೆ ನೋಡದೆ ಹಾರುವ ಹಕ್ಕಿಗೆ ಬಿಲ್ಲೆಯೂ ಕಾಣದು. ಖರ್ಚು ಹೆಚ್ಚಾದರೂ, ಅವು ದಿನವೂ ಹಾರಾಡುವ ಹಾದಿಯಲ್ಲಿ ತಂತಿಯನ್ನು ನೆಲದೊಳಗೆ ಒಯ್ಯುವುದೇ ಹೆಚ್ಚು ಭದ್ರವಾದ ಕ್ರಮ.