ಕತ್ತು ಪಳಗಿಸುವ ಕೋಣೆ

ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿ ಕೋಣೆ. ಹೊರಗಿನ ಬೆಂಚು ಬೆಳಿಗ್ಗೆಯೇ ತುಂಬಿದೆ. ಹೆಸರು ಕೂಗಿದರೆ ಇಲ್ಲಿ ಯಾರೂ ಬರೀ ಕತ್ತು ತಿರುಗಿಸಿ ನೋಡುವುದಿಲ್ಲ. ಸೊಂಟದಿಂದ ಮೇಲಿನ ಇಡೀ ಮೈಯೇ ತಿರುಗುತ್ತದೆ. ವರ್ಷಗಟ್ಟಲೆ ಹೊಲಿಗೆ ಯಂತ್ರದ ಮೇಲೆ ಬಾಗಿದ ದರ್ಜಿ, ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತ ಹೆಂಗಸು, ನಿವೃತ್ತ ಮೇಷ್ಟ್ರು. ಎಲ್ಲರ ಕೈಯಲ್ಲೂ ಎಕ್ಸ್‌ರೇ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೂಳೆ ಸವೆದಿದೆಯಂತೆ.’

ಮೇಷ್ಟ್ರು ಸಾಕಷ್ಟು ಅಲೆದು ಬಂದವರು. ಮುಲಾಮು, ಎಣ್ಣೆ ನೀವಿದ್ದಾಯಿತು. ಅಂಗಡಿಯಿಂದ ತಾವೇ ತಂದು ನುಂಗಿದ ನೋವಿನ ಮಾತ್ರೆ ಹೊಟ್ಟೆಯುರಿ ತಂದಿತು. ಅಂಥ ಮಾತ್ರೆ ಬಹಳ ದಿನ ನುಂಗಿದರೆ ಮೂತ್ರಪಿಂಡಕ್ಕೂ ಪೆಟ್ಟು. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿದೆ ಎಂದಾಗ ಥೆರಪಿಸ್ಟ್ ಹುಡುಗಿ ಬೆಚ್ಚುತ್ತಾಳೆ. ಮಿದುಳಿಗೆ ರಕ್ತ ಒಯ್ಯುವ ಕೆಲವು ನಾಳಗಳು ಕತ್ತಿನ ಮೂಳೆಗಳ ರಂಧ್ರಗಳೊಳಗಿಂದಲೇ ಹಾದುಹೋಗುತ್ತವೆ. ತಟ್ಟನೆ ತಿರುಚಿದಾಗ ಅವು ಸೀಳಿದರೆ ಲಕ್ವ ಹೊಡೆಯಬಹುದು.

ಅವಳು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುತ್ತಾಳೆ. 7 ಮೂಳೆಗಳ ಸಾಲು. 5 ಮತ್ತು 6ರ ನಡುವಿನ ಸಂದು ಕಿರಿದಾಗಿದೆ, ಅಂಚಿನಲ್ಲಿ ಮುಳ್ಳಿನಂತೆ ಮೂಳೆ ಚಾಚಿದೆ. “ವಯಸ್ಸಾದಂತೆ ನಡುವಿನ ಮೆತ್ತೆ ಒಣಗುತ್ತೆ ಸರ್. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇನೂ ಹೀಗೇ ಇರುತ್ತೆ. ಸವೆತ ಹಿಂದಕ್ಕೆ ಹೋಗಲ್ಲ, ಆದ್ರೆ ನೋವು ಇಳಿಸಬಹುದು.” ಮೇಷ್ಟ್ರ ಮುಖ ಸಡಿಲವಾಗುತ್ತದೆ.

ಮೊದಲು ಕತ್ತಿಗೆ ಬಿಸಿ ಶಾಖ. ಆಮೇಲೆ ಅಂಗೈ ಹಣೆಗೆ ಒತ್ತಿ, ತಲೆ ಅಲುಗದಂತೆ ಅಂಗೈಯನ್ನೇ ಹಣೆಯಿಂದ ತಳ್ಳಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹಾಗೆಯೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. “ಉಸಿರು ಕಟ್ಟಬೇಡಿ, ಭುಜ ಎತ್ತಬೇಡಿ.” ಕತ್ತಿನ ಪಟ್ಟಿ ನೋವು ಜೋರಿದ್ದ ಕೆಲವು ದಿನಕ್ಕೆ ಮಾತ್ರ, ಸದಾ ಕಟ್ಟಿಕೊಂಡರೆ ಸ್ನಾಯು ಸೊರಗುತ್ತದೆ.

ಎಲ್ಲರಿಗೂ ಇದೇ ಮದ್ದಲ್ಲ. ದರ್ಜಿಗೆ ಈಚೆಗೆ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ, ನಡೆದರೆ ಕಾಲು ತಡವರಿಸುತ್ತದೆ. ಬೆನ್ನುಹುರಿ ಒತ್ತಿರಬಹುದೆಂಬ ಸೂಚನೆ ಅದು. ಅವರನ್ನು ವ್ಯಾಯಾಮಕ್ಕೆ ಕೂರಿಸದೆ ಎಂಆರ್‌ಐಗೆ, ತಜ್ಞ ವೈದ್ಯರ ಬಳಿಗೆ ಕಳಿಸುತ್ತಾಳೆ. ಒತ್ತಡ ಖಚಿತವಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಳಿಗ್ಗೆ ಬೆರಳ ಗೆಣ್ಣುಗಳೂ ಊದಿ ಬಿಗಿಯುತ್ತಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದರ ಔಷಧಿಯೇ ಬೇರೆ.

ಗಾರೆ ಕೆಲಸದಾಕೆ ಕೇಳುತ್ತಾಳೆ: “ಬಾಂಡ್ಲಿ ಹೊರಬಹುದಾ ಮೇಡಂ?”

“ಸದ್ಯಕ್ಕೆ ಬೇಡಮ್ಮ. ಮೇಸ್ತ್ರಿಗೆ ಹೇಳಿ ಗೋಡೆಗೆ ನೀರು ಹಾಕೋ ಕೆಲಸ ಕೇಳಿ. ವ್ಯಾಯಾಮ ಮಾತ್ರ ದಿನಾ ಮಾಡಬೇಕು.”

ಕೂಲಿ ಬಿಟ್ಟು ವಾರಕ್ಕೆರಡು ಸಲ ಬಸ್ಸು ಹತ್ತುವುದು ಆಕೆಗೆ ಸುಲಭವಲ್ಲ. ಎಕ್ಸ್‌ರೇ ಬಿಡಿಸಿ ಹೇಳುವ, ಮಾಡುವ ಕೆಲಸವನ್ನೂ ವಿಚಾರಿಸುವ ಇಂಥ ಕೋಣೆ ಆಕೆಯ ಊರಿನ ಹತ್ತಿರವೇ ಇರಬೇಕು. ನೋವಿನ ಮಾತ್ರೆ ಪ್ರತಿ ಹೋಬಳಿಯಲ್ಲೂ ಸಿಗುವಾಗ, ಅದನ್ನು ಬಿಡಿಸುವ ದಾರಿಯೂ ಅಲ್ಲೇ ಸಿಗಬೇಕು.