ಕುಂಡದಲ್ಲಿ ನೆಲೆಯೂರುವ ಹೊಸ ಹೂಗಳು

ಉಪ್ಪಲಿನಲ್ಲಿ ಬಾಡಿಗೆಗಿರುವ ನಮ್ಮವರಿಗೆ ಅಂಗಳವೆಂಬುದು ಅಪರೂಪ. ಮೆಟ್ಟಿಲ ಬದಿಯ ನಾಲ್ಕು ಕುಂಡಗಳು, ಇಲ್ಲವೇ ಮಾಲೀಕರ ಕೃಪೆಯಿಂದ ದೊರೆತ ಮಹಡಿಯ ಒಂದು ಮೂಲೆ. ಇಷ್ಟೇ ನಮ್ಮ ಹೂದೋಟ. ಚಳಿಗಾಲದಲ್ಲಿ ಪೆಟೂನಿಯಾ ಕೊಂಡುತಂದು, ಬೇಸಗೆ ಬಂದೊಡನೆ ಒಣಗಿದ ಕಡ್ಡಿಗಳನ್ನು ಕಿತ್ತೆಸೆಯುವ ಮಿತ್ರರನ್ನು ನಾವು ಪ್ರತಿವರ್ಷವೂ ಕಾಣುತ್ತಿದ್ದೇವೆ. ಮರುವರ್ಷ ಮತ್ತೆ ಅದೇ ಖರ್ಚು. ಊರಿಗೆ ಹಣ ಕಳುಹಿಸಿ ಉಳಿದ ಕಾಸಿನಲ್ಲಿ ಹೂ ಬೆಳೆಸುವವರಿಗೆ ಬಹುವಾರ್ಷಿಕ ಗಿಡಗಳೇ ತಕ್ಕವು.

ಅವೆಲ್ಲ ಅಜ್ಜಿಯ ಕಾಲದ ಹೂಗಳಲ್ಲವೇ ಎಂದು ಕೇಳುವವರುಂಟು. ಹಾಗಲ್ಲ. ಬೆಂಗಳೂರಿಗೆ ನೀರುಣಿಸಲು 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆಯನ್ನು ಹಲವರು ಬಲ್ಲರು. ಅದೇ ಊರಿನಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನಮ್ಮ ಹಳೆಯ ಹೂಗಳಿಂದಲೇ ಹೊಸ ತಳಿಗಳನ್ನು ಹೊರತಂದಿದೆ. ಅದರ ಅನೇಕ ತಳಿಗಳ ಹೆಸರಿನ ಮೊದಲು ಬರುವ 'ಅರ್ಕಾ' ಎಂಬುದು ಆ ಕೆರೆಯನ್ನು ತುಂಬುವ ಅರ್ಕಾವತಿ ನದಿಯ ಗುರುತು.

ಸುಗಂಧರಾಜವನ್ನೇ ನೋಡೋಣ. ಹೈದರಾಬಾದಿನ ಹಳಬರು ಇದನ್ನು ಗುಲ್‌ಶಬ್ಬೊ ಎನ್ನುತ್ತಾರೆ. ಒಂಟಿ ಸುತ್ತಿನ ಹೂವಿಗೂ ಇಮ್ಮಡಿ ಸುತ್ತಿನ ಹೂವಿಗೂ ಸಂಕರ ಮಾಡಿ ಪಡೆದುದು 'ಶೃಂಗಾರ್'. ಅದೇ ಕೂಡಿಕೆಯಿಂದ ಬಂದ 'ಸುವಾಸಿನಿ' ಮಾತ್ರ ಇಮ್ಮಡಿ ದಳದ್ದು. 'ಶೃಂಗಾರ್' ತಳಿಯನ್ನು 'ಮೆಕ್ಸಿಕನ್ ಸಿಂಗಲ್' ಜೊತೆ ಕೂಡಿಸಿದಾಗ 'ಪ್ರಜ್ವಲ್' ಹುಟ್ಟಿತು. ಇದರ ಮೊಗ್ಗಿನಲ್ಲಿ ನಸುಗೆಂಪು, ಅರಳಿದ ಮೇಲೆ ಬಿಳುಪು. ರಾತ್ರಿಪಾಳಿ ಮುಗಿಸಿ ಮನೆಗೆ ಬರುವ ಹೋಟೆಲ್ ನೌಕರನಿಗೆ ಇದಕ್ಕಿಂತ ಒಪ್ಪುವ ಹೂವನ್ನು ನಾವರಿಯೆವು. ಇದರ ಕಂಪು ಕತ್ತಲಾದ ಮೇಲೆಯೇ ಹೆಚ್ಚು.

ಕನಕಾಂಬರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಡೆಲ್ಲಿ ಕನಕಾಂಬರವೆಂಬ ದೊಡ್ಡ ಹೂವಿನ ಗಿಡದಲ್ಲಿ ವರ್ಣತಂತುಗಳ ಮೂರು ತಂಡಗಳಿರುವುದರಿಂದ ಅದು ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಆದುದರಿಂದ ಆ ಹೆಸರಿನಲ್ಲಿ ಬೀಜದ ಪೊಟ್ಟಣ ಮಾರುವವನಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಮಾರುವವರ ಬಾಯಲ್ಲಿ ಎಲ್ಲವೂ ಹೊಸ ತಳಿಯೇ! ಇನ್ನೊಂದು ಮಾತು: ಕನಕಾಂಬರದ ಬೇರಿಗೆ ಜಂತುಹುಳುವಿನ ಕಾಟ ಹೆಚ್ಚು. ಬೇರಿನಲ್ಲಿ ಗಂಟುಗಳಿರುವ ಸಸಿಯನ್ನು ಪುಕ್ಕಟೆ ಕೊಟ್ಟರೂ ತರಬಾರದು. ಕುಂಡದ ಮಣ್ಣಿಗೆ ಹಿಡಿಯಷ್ಟು ಬೇವಿನ ಹಿಂಡಿ ಬೆರೆಸುವುದು ಒಳ್ಳೆಯದು.

ಹೋಟೆಲಿನ ಕಾಫಿ ಚರಟವನ್ನು ನೇರವಾಗಿ ಬುಡಕ್ಕೆ ಸುರಿಯುವ ಅಭ್ಯಾಸ ನಮ್ಮವರಲ್ಲಿದೆ. ಅದನ್ನು ಒಣಗಿದೆಲೆಗಳೊಡನೆ ಕೊಳೆಸಿ ಗೊಬ್ಬರವಾದ ಮೇಲೆ ಹಾಕಬೇಕು. ಉಪ್ಪು ಬೆರೆತ ಅಡುಗೆಮನೆಯ ನೀರಂತೂ ಬೇಡವೇ ಬೇಡ.

ಸುಗಂಧರಾಜದ ಗಡ್ಡೆಗಳನ್ನು ಬೇಸಗೆಯ ಮೊದಲ ಭಾಗದಲ್ಲಿ ನೆಡಬಹುದು. ದಪ್ಪ ಗಡ್ಡೆಯನ್ನೇ ಆರಿಸಿ. ಸಣ್ಣದು ಎಲೆ ಬಿಟ್ಟೀತು, ಹೂದಂಟು ತಡವಾದೀತು. ಒಮ್ಮೆ ಹೂವಿತ್ತ ತಾಯಿಗಡ್ಡೆ ಮತ್ತೆ ಹೂಬಿಡುವುದಿಲ್ಲ, ಅದರ ಸುತ್ತಲಿನ ಮರಿಗಡ್ಡೆಗಳು ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. ಎರಡು ಮೂರು ವರ್ಷಗಳಲ್ಲಿ ಕುಂಡ ಕಿಕ್ಕಿರಿದಾಗ ಅಗೆದು ಬಿಡಿಸಿ, ನೆರಳಿನಲ್ಲಿ ಆರಿಸಿ, ಮತ್ತೆ ನೆಡಬೇಕು. ಮಿಕ್ಕವನ್ನು ಕಾಗದದಲ್ಲಿ ಸುತ್ತಿಟ್ಟರೆ ಊರಿಗೆ ಹೋಗುವಾಗ ಪೆಟ್ಟಿಗೆಯ ಮೂಲೆಯಲ್ಲಿ ಸಾಗುತ್ತವೆ. ಬಾಡಿಗೆಮನೆ ಬದಲಿಸುವವರೂ ಹಾಗೆಯೇ ಒಯ್ಯಬಹುದು. ಮಾಲೀಕರಿಗಾಗಿ ನಾಲ್ಕು ಗಡ್ಡೆ ಬಿಟ್ಟುಹೋದರೆ ಇನ್ನೂ ಲೇಸು.