ಬೇವಿನೆಣ್ಣೆಯ ಗುಣಾವಗುಣಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಎರೆಭೂಮಿಯ ವಿಸ್ತಾರ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುತ್ತಿದ್ದರೂ ಮಳೆ ಅಲ್ಪ, ಬಿಸಿಲು ಪ್ರಖರ. ಇಂತಹ ನೆಲದಲ್ಲಿ ಕಡುಬೇಸಗೆಯಲ್ಲಿಯೂ ಹಸುರಾಗಿ ನಿಂತು ದಾರಿಹೋಕರಿಗೆ ನೆರಳನ್ನೀಯುವುದು ಬೇವು. ಆ ಸೀಮೆಯವರು ಮರವನ್ನೂ ಗಿಡವೆಂದೇ ಕರೆಯುವರಾದುದರಿಂದ ಅಲ್ಲಿ ಇದು ಬೇವಿನ ಗಿಡ.

ಇದರ ಕಡ್ಡಿಯಿಂದ ಹಲ್ಲುಜ್ಜುವುದೂ, ಎಲೆ ಹಾಕಿ ಕಾಸಿದ ನೀರನ್ನು ಮೈಗೆ ಎರೆಯುವುದೂ, ಕಜ್ಜಿ ತುರಿಕೆಗಳಿಗೆ ಎಲೆಯನ್ನು ಅರಿಸಿನದೊಡನೆ ಅರೆದು ಹಚ್ಚುವುದೂ ಹಿಂದಿನಿಂದ ಬಂದ ರೂಢಿಗಳು. ಜೋಳದ ಚೀಲಗಳಲ್ಲಿ ಒಣಗಿದ ಎಲೆಯನ್ನಿಟ್ಟು ಹುಳುವನ್ನು ತಡೆಯುವ ಗೃಹಿಣಿಯರೂ ಉಂಟು. ಇವು ಬರಿಯ ನಂಬಿಕೆಗಳಲ್ಲ. 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ಬೇವಿನೆಣ್ಣೆಯಿಂದ ಅದರ ಕಹಿದ್ರವ್ಯಗಳನ್ನು ಬೇರ್ಪಡಿಸಿ ತೋರಿಸಿದರು. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಹಸುರನ್ನೆಲ್ಲ ತಿಂದು ಬೇವನ್ನು ಮಾತ್ರ ಬಿಟ್ಟುಹೋದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಷ್ಮುಟ್ಟರರ್ ಕಂಡರು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವು ಕೀಟಗಳ ಆಹಾರೇಚ್ಛೆಯನ್ನು ಕೆಡಿಸಿ, ಅವು ಪೊರೆ ಕಳಚಿ ಬೆಳೆಯದಂತೆ ತಡೆಯುವುದೆಂದು ಮುಂದೆ ತಿಳಿಯಿತು.

ಇಷ್ಟು ಉಪಕಾರಿಯಾದ ಮರದ ವಿಷಯದಲ್ಲಿಯೇ ಒಂದು ಭ್ರಮೆ ಬೇರೂರಿದೆ: ಮೈಗೆ ಹಿತವಾದುದು ಹೊಟ್ಟೆಗೂ ಹಿತವೆಂಬುದು. ಯುಗಾದಿಯಂದು ನಾವು ಬೆಲ್ಲದೊಡನೆ ಸೇವಿಸುವ ಚಿಟಿಕೆಯಷ್ಟು ಹೂವು ಚಿಗುರುಗಳನ್ನು ನಾವಿಲ್ಲಿ ಆಕ್ಷೇಪಿಸುತ್ತಿಲ್ಲ. ನಮ್ಮ ಮಾತು ಬೀಜದಿಂದ ಹಿಂಡಿ ತೆಗೆದ ಎಣ್ಣೆಯನ್ನು ಕುರಿತದ್ದು. ಎಲೆಗೂ ಎಣ್ಣೆಗೂ ಇರುವ ಅಂತರ ಅಲ್ಪವಲ್ಲ; ಬೀಜದ ಸತ್ತ್ವವೆಲ್ಲ ಎಣ್ಣೆಯಲ್ಲಿ ಸಾಂದ್ರವಾಗಿರುತ್ತದೆ. ಕೆಮ್ಮು ಕಫಗಳಿಗೆಂದೂ, ಜಂತುವಿಗೆಂದೂ ಎಳೆಗೂಸುಗಳ ಬಾಯಿಗೆ ಈ ಎಣ್ಣೆಯನ್ನು ಹಾಕಿದ ಪ್ರಸಂಗಗಳು ನಮ್ಮ ದೇಶದಲ್ಲಿಯೂ ಹೊರಗೂ ನಡೆದಿವೆ. 1980ರ ದಶಕದ ಆರಂಭದಲ್ಲಿ ಮಲೇಷಿಯದ ವೈದ್ಯರು ಅಂತಹ ಶಿಶುಗಳ ಸ್ಥಿತಿಯನ್ನು ವಿವರವಾಗಿ ಬರೆದಿಟ್ಟರು. ಎಣ್ಣೆ ಕುಡಿದ ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು. ಬಳಿಕ ಸೆಳೆತ, ಪ್ರಜ್ಞೆ ತಪ್ಪುವಿಕೆ. ರಕ್ತದಲ್ಲಿ ಆಮ್ಲಾಂಶವೇರಿ, ಯಕೃತ್ತೂ ಮಿದುಳೂ ಪೀಡಿತವಾಗುತ್ತವೆ. ಪ್ರಾಣಹಾನಿಯೂ ಆಗಿದೆ. ದೊಡ್ಡವರು ಒಂದು ಚಮಚ ತಾಳಿಕೊಂಡರೆಂದು ಕೂಸಿಗೆ ಅರ್ಧ ಚಮಚ ಸಾಕೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಕಿದವರು ಅಜ್ಞಾನಿಗಳೂ ಅಲ್ಲ, ನಿರ್ದಯರೂ ಅಲ್ಲ, ಅಕ್ಕರೆಯಿಂದಲೇ ಹಾಕಿದವರು.

ಗರ್ಭಿಣಿಯರೂ ಇದನ್ನು ಸೇವಿಸಕೂಡದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸದೆ ಬೇವಿನ ರಸವನ್ನು ನಿತ್ಯ ಕುಡಿದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿಯಬಹುದು.

ಚರ್ಮಕ್ಕೆ ಹಚ್ಚುವಾಗಲೂ ಬೇವಿನೆಣ್ಣೆಯನ್ನು ಕೊಬ್ಬರಿಯೆಣ್ಣೆಯೊಡನೆ ತೆಳುಮಾಡಿ, ಮೊದಲು ಮೊಣಕೈಯ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಉರಿಯುವುದೋ ಇಲ್ಲವೋ ನೋಡಿಕೊಳ್ಳುವುದು ಲೇಸು. ಗಾಣದಿಂದ ಬಂದ ಉಳಿದ ಹಿಂಡಿಯು ಹೊಲಕ್ಕೆ ಒಳ್ಳೆಯ ಗೊಬ್ಬರ. ಎಣ್ಣೆಯ ಸೀಸೆಗೆ ಹೆಸರಿನ ಚೀಟಿ ಅಂಟಿಸಿ, ಅಡಿಗೆಯ ಎಣ್ಣೆಯಿಂದ ದೂರವಾಗಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡತಕ್ಕದ್ದು. ಮಗುವು ಅಕಸ್ಮಾತ್ತಾಗಿ ಕುಡಿದಲ್ಲಿ ಬಲವಂತವಾಗಿ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಸೀಸೆಯನ್ನೂ ಕೈಯಲ್ಲಿ ಹಿಡಿದು ಒಡನೆಯೇ ಆಸ್ಪತ್ರೆಗೆ ಹೋಗಬೇಕು.